ಕಾರಿನ ಹಾಡಿಗೆ ದನಿ ಕುಗ್ಗಿದಾಗ

ಕಾರಿನಲ್ಲಿ ಹಾಡು ಹಾಕಿದರೆ ಗಾಯಕಿಯ ಸ್ವರ ಎಲ್ಲೋ ದೂರದಿಂದ, ಪಕ್ಕದ ಮನೆಯ ಹಿತ್ತಲಿನಿಂದ ಬಂದಂತೆ ಕೇಳುತ್ತದೆ. ಕೊಳಲು, ತಾಳ, ಗೆಜ್ಜೆ ಎಲ್ಲವೂ ಇವೆ. ತಬಲದ ಡಗ್ಗಾ ಮಾತ್ರ ಸತ್ತುಹೋಗಿದೆ. ವಾಲ್ಯೂಮ್ ಏರಿಸಿದರೆ ಕಿವಿ ಚುಚ್ಚುತ್ತದೆಯೇ ಹೊರತು ಹಾಡು ತುಂಬಿಕೊಳ್ಳುವುದಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತ ಅತ್ತೆಯವರು, "ಇದಕ್ಕಿಂತ ನಮ್ಮ ಹಳೇ ರೇಡಿಯೋನೇ ವಾಸಿ ಕಣಮ್ಮ" ಅನ್ನುತ್ತಾರೆ. ಯಜಮಾನರು ಗಾಡಿಯನ್ನು ಅಂಗಡಿಗೆ ಒಯ್ದರೆ, ಅಲ್ಲಿಯ ಹುಡುಗ ಎರಡು ನಿಮಿಷ ಕೇಳಿ, "ಸ್ಪೀಕರ್ ಹೋಗಿದೆ ಸಾರ್. ನಾಲ್ಕೂ ಬದಲಾಯಿಸಿಬಿಡಿ, ಜೊತೆಗೊಂದು ಆಂಪ್ಲಿಫೈಯರ್ ಹಾಕ್ಸಿ" ಎಂದು ಚೀಟಿ ಬರೆದುಕೊಡುತ್ತಾನೆ. ಆ ಚೀಟಿಯ ಮೊತ್ತ ನೋಡಿದಾಗ ತಿಂಗಳ ದಿನಸಿಯ ಲೆಕ್ಕ ನಮ್ಮ ಕಣ್ಣ ಮುಂದೆ ಬರುತ್ತದೆ, ಅವರ ಕಣ್ಣ ಮುಂದೆ ಅಲ್ಲ!

ಸ್ವಲ್ಪ ತಾಳಿ. ಈ ಲಕ್ಷಣ ಕಂಡಾಗ ಎಷ್ಟೋ ಸಲ ಸ್ಪೀಕರ್ ಕೆಟ್ಟಿರುವುದೇ ಇಲ್ಲ. ಎರಡು ತಂತಿ ಅದಲುಬದಲಾಗಿವೆ, ಅಷ್ಟೆ. ಪ್ಲಸ್ ಇರಬೇಕಾದಲ್ಲಿ ಮೈನಸ್, ಮೈನಸ್ ಇರಬೇಕಾದಲ್ಲಿ ಪ್ಲಸ್. ಇದನ್ನು ಪತ್ತೆ ಹಚ್ಚಲು ಯಂತ್ರ ಬೇಡ, ಹಣ ಬೇಡ. ಸಾರಿಗೆ ಉಪ್ಪು ಕಡಿಮೆಯೋ ಹುಳಿ ಕಡಿಮೆಯೋ ಎಂದು ನಾಲಗೆಯ ತುದಿಯಲ್ಲಿ ಹೇಳಬಲ್ಲವರಿಗೆ ಕಿವಿಯಿಂದ ಇಷ್ಟು ಹೇಳುವುದು ಕಷ್ಟವೇನಲ್ಲ.

ಕಂಪನಿಯಿಂದಲೇ ಸ್ಟಿರಿಯೋ ಕೂರಿಸಿ ಬಂದ, ಯಾರೂ ಕೈಹಾಕದ ಕಾರಿನಲ್ಲಿ ಈ ತೊಂದರೆ ಅಪರೂಪ. ಬರುವುದು ಬಹುಮಟ್ಟಿಗೆ ಸೆಕೆಂಡ್‌ಹ್ಯಾಂಡ್ ಗಾಡಿಗಳಲ್ಲಿ, ಆಮೇಲೆ ಅಂಗಡಿಯಲ್ಲಿ ಸ್ಟಿರಿಯೋ ಹಾಕಿಸಿದ ಗಾಡಿಗಳಲ್ಲಿ. 1983ರ ಕೊನೆಗೆ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಗಾಡಿಗಳಲ್ಲಿ ಈಗಲೂ ಓಡುತ್ತಿರುವವನ್ನು ನೋಡಿ, ಒಂದೊಂದರಲ್ಲೂ ಸ್ಟಿರಿಯೋ ಮೂರು ನಾಲ್ಕು ಸಲ ಬದಲಾಗಿರುತ್ತದೆ. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಪೆನ್‌ಡ್ರೈವ್ ಬಂತು, ಅದೂ ಹೋಗಿ ಬ್ಲೂಟೂತ್ ಬಂತು. ಪ್ರತಿ ಸಲವೂ ಯಾರೋ ತಂತಿ ಕತ್ತರಿಸಿ, ಹೊಸೆದು, ಟೇಪು ಸುತ್ತಿದ್ದಾರೆ. ಎಲ್ಲೋ ಒಂದು ಕಡೆ ಕೈತಪ್ಪದೆ ಇದ್ದೀತೇ?

ಜೋಕಾಲಿಯ ಲೆಕ್ಕ

ಸ್ಪೀಕರಿನ ಒಳಗೆ ಕಾಗದದ ಬಟ್ಟಲಿನಂಥ ಒಂದು ಭಾಗವಿದೆ, ಕೋನ್ ಅನ್ನುತ್ತಾರೆ. ಅದರ ಬುಡಕ್ಕೆ ತೆಳು ತಂತಿಯ ಸುರುಳಿ ಅಂಟಿಸಿದೆ. ಸುರುಳಿ ಒಂದು ಅಯಸ್ಕಾಂತದ ಸಂದಿಯಲ್ಲಿ ಅಲ್ಲಾಡುತ್ತದೆ. ವಿದ್ಯುತ್ತು ಒಂದು ದಿಕ್ಕಿಗೆ ಹರಿದರೆ ಕೋನ್ ಮುಂದಕ್ಕೆ ಬರುತ್ತದೆ, ತಿರುಗಾ ಹರಿದರೆ ಹಿಂದಕ್ಕೆ ಹೋಗುತ್ತದೆ. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ಎಂಬಿಬ್ಬರು ಎಂಜಿನಿಯರುಗಳು ಈ ಬಗೆಯ ಸ್ಪೀಕರಿನ ವಿವರ ಪ್ರಕಟಿಸಿದರು. ನೂರು ವರ್ಷವಾದರೂ ನಮ್ಮ ಕಾರಿನ ಬಾಗಿಲಲ್ಲಿ ಕೂತಿರುವುದು ಮೂಲತಃ ಅದೇ.

ಎಡಗಡೆ ಸ್ಪೀಕರಿನ ಕೋನ್ ಮುಂದೆ ಬಂದಾಗ ಬಲಗಡೆಯದೂ ಮುಂದೆ ಬರಬೇಕು. ಇಬ್ಬರೂ ಒಟ್ಟಿಗೆ ಗಾಳಿಯನ್ನು ತಳ್ಳಬೇಕು. ಒಂದರ ತಂತಿ ತಿರುವುಮುರುವಾಗಿದ್ದರೆ ಒಂದು ತಳ್ಳುವಾಗ ಇನ್ನೊಂದು ಎಳೆದುಕೊಳ್ಳುತ್ತದೆ. ಪಂಚಮಿಯ ಜೋಕಾಲಿಯನ್ನು ಒಬ್ಬಳು ಹಿಂದಿನಿಂದ ತಳ್ಳುತ್ತಿರುವಾಗ ಇನ್ನೊಬ್ಬಳು ಮುಂದೆ ನಿಂತು ಅದೇ ಹೊತ್ತಿಗೆ ತಿರುಗಿ ತಳ್ಳಿದರೆ ಜೋಕಾಲಿ ಆಡೀತೇ? ಇಬ್ಬರಿಗೂ ಶ್ರಮ, ಕೂತವಳಿಗೆ ಸುಖವಿಲ್ಲ.

ಹಾಗಾದರೆ ಎಲ್ಲ ಸದ್ದೂ ನಿಂತುಹೋಗಬೇಕಿತ್ತಲ್ಲ, ಡಗ್ಗಾ ಮಾತ್ರ ಯಾಕೆ ಹೋಯಿತು ಅಂತ ಕೇಳಬಹುದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಸೆಕೆಂಡಿಗೆ 100 ಸಲ ಕಂಪಿಸುವ ದಪ್ಪ ದನಿಯ ಒಂದು ಅಲೆ 3.4 ಮೀಟರ್ ಉದ್ದ. ಕಾರಿನೊಳಗೆ ಎಡ ಬಾಗಿಲಿಗೂ ಬಲ ಬಾಗಿಲಿಗೂ ಇರುವ ದೂರ ಅದರ ಅರ್ಧವೂ ಇಲ್ಲ. ಹೀಗಾಗಿ ಆ ಅಲೆಗಳು ಒಂದರ ಮೇಲೊಂದು ಬಿದ್ದು ಒಂದನ್ನೊಂದು ಅಳಿಸಿಹಾಕುತ್ತವೆ. ಸೆಕೆಂಡಿಗೆ 3000 ಸಲ ಕಂಪಿಸುವ ಕೀರಲು ದನಿಯ ಅಲೆ 11 ಸೆಂಟಿಮೀಟರ್ ಮಾತ್ರ. ಅದು ಒಂದು ಕಡೆ ಅಳಿದರೆ ಅಂಗೈ ಅಗಲದಾಚೆ ಮತ್ತೆ ಉಳಿದಿರುತ್ತದೆ. ಆದ್ದರಿಂದ ಗೆಜ್ಜೆ ತಾಳ ಕೇಳುತ್ತವೆ, ಡಗ್ಗಾ ಕೇಳುವುದಿಲ್ಲ.

ಕಿವಿಯೇ ಸಾಕು

ಗಾಡಿ ನಿಲ್ಲಿಸಿ, ಕಿಟಕಿ ಏರಿಸಿ, ಮುಂದಿನ ಎರಡು ಸೀಟಿನ ನಡುವೆ ತಲೆ ಬರುವ ಹಾಗೆ ಕುಳಿತುಕೊಳ್ಳಿ. ನಿಮಗೆ ಚೆನ್ನಾಗಿ ಪರಿಚಯವಿರುವ, ತಬಲವೋ ಮೃದಂಗವೋ ಗಟ್ಟಿಯಾಗಿ ಇರುವ ಹಾಡು ಹಾಕಿ. ಎಫ್.ಎಂ.ನಲ್ಲಿ ವಾರ್ತೆ ಓದುವ ಗಂಡಸಿನ ದನಿಯಾದರೆ ಇನ್ನೂ ಒಳ್ಳೆಯದು. ಎರಡೂ ಕಡೆಗೆ ಒಂದೇ ದನಿ ಬರುತ್ತದೆ.

ಸ್ಟಿರಿಯೋದಲ್ಲಿ ಎರಡು ಹೊಂದಾಣಿಕೆಗಳಿವೆ. ದನಿಯನ್ನು ಎಡಕ್ಕೂ ಬಲಕ್ಕೂ ಸರಿಸುವುದು ಬ್ಯಾಲೆನ್ಸ್, ಮುಂದಕ್ಕೂ ಹಿಂದಕ್ಕೂ ಸರಿಸುವುದು ಫೇಡರ್. ಹಲವು ಸೆಟ್ಟುಗಳಲ್ಲಿ ವಾಲ್ಯೂಮ್ ಗುಂಡಿಯನ್ನೇ ಒತ್ತುತ್ತಾ ಹೋದರೆ ಇವು ಸಿಗುತ್ತವೆ. ಪರದೆ ಇರುವ ಸೆಟ್ಟುಗಳಲ್ಲಿ ಕಾರಿನ ಚಿತ್ರದ ಮೇಲೆ ಒಂದು ಚುಕ್ಕೆ ಕಾಣುತ್ತದೆ, ಬೆರಳಿಂದ ಸರಿಸಿದರಾಯಿತು.

ಮೊದಲು ಫೇಡರನ್ನು ಪೂರ್ತಿ ಮುಂದಕ್ಕೆ ತನ್ನಿ. ಈಗ ಮುಂದಿನ ಎರಡೇ ಸ್ಪೀಕರ್ ಹಾಡುತ್ತಿವೆ. ಬ್ಯಾಲೆನ್ಸ್ ನಡುವೆ ಇರಲಿ, ಕೇಳಿ. ಆಮೇಲೆ ಬ್ಯಾಲೆನ್ಸನ್ನು ನಿಧಾನವಾಗಿ ಪೂರ್ತಿ ಎಡಕ್ಕೆ ಸರಿಸಿ. ತಂತಿ ಸರಿಯಿದ್ದರೆ ಒಂದು ಸ್ಪೀಕರ್ ನಿಂತದ್ದಕ್ಕೆ ತಕ್ಕಂತೆ ಸದ್ದು ಇಳಿದು ಎಡಕ್ಕೆ ಹೋಗುತ್ತದೆ. ತಪ್ಪಿದ್ದರೆ ಸೋಜಿಗ ನಡೆಯುತ್ತದೆ: ಒಂದು ಸ್ಪೀಕರ್ ನಿಂತಿದೆ, ಆದರೂ ಡಗ್ಗಾ ಎದ್ದು ಕೂರುತ್ತದೆ! ದನಿಗೆ ಮೈ ಬರುತ್ತದೆ. ಎರಡು ಸ್ಪೀಕರಿಗಿಂತ ಒಂದೇ ಸ್ಪೀಕರ್ ಚೆನ್ನಾಗಿ ಹಾಡಿತು ಅಂದರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಇದೇ ಪರೀಕ್ಷೆಯನ್ನು ಫೇಡರ್ ಹಿಂದಕ್ಕೆ ತಂದು, ಹಿಂದಿನ ಜೋಡಿಗೂ ಮಾಡಿ. ಎರಡು ಜೋಡಿಯೂ ಸರಿಯಿದ್ದರೆ ಮುಂದಿನವು ಒಂದು ಪಕ್ಷ, ಹಿಂದಿನವು ಇನ್ನೊಂದು ಪಕ್ಷ ಆಗಿವೆಯೋ ನೋಡಬೇಕು. ಬ್ಯಾಲೆನ್ಸ್ ಪೂರ್ತಿ ಎಡಕ್ಕಿಟ್ಟು, ಫೇಡರನ್ನು ನಡುವಿನಿಂದ ಮುಂದಕ್ಕೆ ಸರಿಸಿ ಕೇಳಿ. ಇಲ್ಲಿಯೂ ಸೂತ್ರ ಅದೇ. ಆದರೆ ಮುಂದಿನ ಸ್ಪೀಕರಿಗೂ ಹಿಂದಿನದಕ್ಕೂ ದೂರ ಹೆಚ್ಚಾದ್ದರಿಂದ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕೇಳುವುದಿಲ್ಲ. ಎರಡು ಮೂರು ಹಾಡು ಹಾಕಿ ನೋಡಿ.

ನನ್ನ ನಾದಿನಿಯ ಮನೆಯ ಗಾಡಿಯಲ್ಲಿ ಹೀಗೇ ಆಗಿತ್ತು. ಹಿಂದಿನ ಒಂದು ಸ್ಪೀಕರ್ ಹರಿದಿತ್ತೆಂದು ಬದಲಾಯಿಸಿದ್ದರು. ಹೊಸದು ಬಂದ ಮೇಲೆ ಹಾಡು ಮೊದಲಿಗಿಂತ ಕೆಟ್ಟಿತು. "ಅತ್ತಿಗೆ, ಹೊಸ ಸ್ಪೀಕರ್ರೇ ಡೂಪ್ಲಿಕೇಟು ಅಂತ ಇವರು ಅಂಗಡಿಯವನ ಜೊತೆ ಜಗಳಕ್ಕೆ ಹೊರಟಿದ್ದಾರೆ" ಎಂದಳು. ಬ್ಯಾಲೆನ್ಸ್ ತಿರುಗಿಸಿ ನೋಡೇ ಅಂದೆ. ತಿರುಗಿಸಿದಳು, "ಅಯ್ಯೋ, ಈಗ ಬಂತಲ್ಲ!" ಡಿಕ್ಕಿ ತೆಗೆದು, ಒಂದು ಸ್ಪೀಕರಿನ ಎರಡು ತಂತಿ ಅದಲುಬದಲು ಮಾಡಿದ್ದಷ್ಟೇ ರಿಪೇರಿ. ಜಗಳ ಉಳಿಯಿತು, ಸ್ಪೀಕರೂ ಉಳಿಯಿತು.

ಹಿಂದಿನ ಸ್ಪೀಕರುಗಳು ಸೀಟಿನ ಹಿಂದಿನ ಹಲಗೆಯಲ್ಲಿ ಇದ್ದರೆ ಈ ಕೆಲಸ ನಾವೇ ಮಾಡಬಹುದು. ಡಿಕ್ಕಿ ತೆಗೆದು ಕೆಳಗಿನಿಂದ ನೋಡಿದರೆ ದುಂಡನೆಯ ಅಯಸ್ಕಾಂತವೂ ಅದರ ಪಕ್ಕ ಎರಡು ತಗಡಿನ ನಾಲಗೆಗಳೂ ಕಾಣುತ್ತವೆ. ಸಾಮಾನ್ಯವಾಗಿ ಅಗಲವಾದ ನಾಲಗೆ ಪ್ಲಸ್, ಕಿರಿದಾದದ್ದು ಮೈನಸ್. ಕೆಂಪು ಚುಕ್ಕೆಯೋ ಕೂಡು ಚಿಹ್ನೆಯೋ ಇದ್ದರೆ ಅದೇ ಪ್ಲಸ್. ಸ್ಟಿರಿಯೋ ಆರಿಸಿ, ಕೀ ತೆಗೆದು, ಒಂದೇ ಒಂದು ಸ್ಪೀಕರಿನ ಕ್ಲಿಪ್ಪುಗಳನ್ನು ಅದಲುಬದಲು ಮಾಡಿ. ಎರಡರಲ್ಲೂ ಮಾಡಿದರೆ ಮತ್ತೆ ಮೊದಲಿನ ಕಥೆಯೇ. ಕ್ಲಿಪ್ಪಿನ ಅಳತೆ ಬೇರೆಯಾಗಿ ಅದಲುಬದಲು ಹಿಡಿಸದಿದ್ದರೆ ತಪ್ಪು ಮೇಲಿನ ಜೋಡಣೆಯಲ್ಲಿದೆ ಎಂದರ್ಥ; ಅದನ್ನು ಮೆಕ್ಯಾನಿಕ್ಕಿಗೆ ಬಿಡಿ. ಬಾಗಿಲಿನ ಒಳಹಲಗೆ ಬಿಚ್ಚುವ ಸಾಹಸವೂ ಬೇಡ, ಒಳಗಿನ ಪ್ಲಾಸ್ಟಿಕ್ ಗುಬ್ಬಿಗಳು ಮುರಿದರೆ ಬಾಗಿಲು ಜೀವಮಾನವಿಡೀ ಗಡಗಡ ಅನ್ನುತ್ತದೆ.

ಸ್ಪೀಕರಿನ ಮೇಲೆ ಗುರುತೇ ಅಳಿಸಿಹೋಗಿದ್ದರೆ ಗೋಡೆ ಗಡಿಯಾರದ 1.5 ವೋಲ್ಟಿನ ಸೆಲ್ ಸಾಕು. ಸ್ಪೀಕರಿನಿಂದ ಎರಡೂ ತಂತಿ ಬಿಡಿಸಿ, ಎರಡು ತುಂಡು ವೈರಿನಿಂದ ಸೆಲ್ಲನ್ನು ನಾಲಗೆಗಳಿಗೆ ಕ್ಷಣ ಮಾತ್ರ ತಾಗಿಸಿ. ಠಪ್ ಎಂದು ಕೋನ್ ಹೊರಕ್ಕೆ ಉಬ್ಬಿದರೆ, ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಒಳಕ್ಕೆ ಸರಿದರೆ ಉಲ್ಟಾ. ಸದ್ದೇ ಬಾರದಿದ್ದರೆ ಸುರುಳಿ ಕಡಿದಿದೆ, ಆಗ ಹೊಸ ಸ್ಪೀಕರ್ ತರಲೇಬೇಕು. ಕಾರಿನ 12 ವೋಲ್ಟ್ ಬ್ಯಾಟರಿಯನ್ನು ಇದಕ್ಕೆ ಖಂಡಿತ ಬಳಸಬಾರದು, ಸುರುಳಿ ಸುಟ್ಟುಹೋದೀತು. ಬಿಲ್ಲೆಯಷ್ಟು ಚಿಕ್ಕದಾದ ಟ್ವೀಟರುಗಳಿಗೆ ಈ ಪರೀಕ್ಷೆ ನಡೆಯದು.

ಇನ್ನೊಂದು ತಮಾಷೆ ಇದೆ. ಫೋನಿನಿಂದ ಸ್ಟಿರಿಯೋಗೆ ತಂತಿ ಚುಚ್ಚಿ ಹಾಡು ಹಾಕಿದಾಗ ಹಿಮ್ಮೇಳವೆಲ್ಲ ಕೇಳಿ, ಹಾಡುವವರ ಸ್ವರವೇ ಮಾಯವಾಗುವುದುಂಟು; ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಫೋನು ಕೆಟ್ಟಿಲ್ಲ, ಹಾಡೂ ಕೆಟ್ಟಿಲ್ಲ. ಪಿನ್ನು ಪೂರ್ತಿ ಒಳಗೆ ಹೋಗಿಲ್ಲ, ಇಲ್ಲವೇ ಅದರ ಬುಡದ ತಂತಿ ಕಡಿದಿದೆ. ಆಗ ಎಡ-ಬಲಗಳಲ್ಲಿ ಸಮನಾಗಿರುವ ದನಿಯೆಲ್ಲ ಅಳಿದು, ಬೇರೆಬೇರೆಯಾಗಿರುವುದು ಮಾತ್ರ ಉಳಿಯುತ್ತದೆ. ಗಾಯಕರ ಸ್ವರವನ್ನು ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿ ಮುದ್ರಿಸುತ್ತಾರೆ, ಅದಕ್ಕೇ ಅದು ಹೋಗುತ್ತದೆ. ಪಿನ್ನನ್ನು ಟಕ್ ಎನ್ನುವವರೆಗೆ ಒತ್ತಿ ನೋಡಿ.

ತಂತಿ ಸರಿಯಿದ್ದೂ ದನಿ ಕುಗ್ಗಿದ್ದರೆ

ಮೊದಲು ಫೋನಿನದೇ ವಾಲ್ಯೂಮ್ ನೋಡಿ. ಬ್ಲೂಟೂತಿನಲ್ಲಿ ಎಷ್ಟೋ ಫೋನುಗಳ ವಾಲ್ಯೂಮ್ ಬೇರೆ, ಸ್ಟಿರಿಯೋದ್ದು ಬೇರೆ. ಮಕ್ಕಳು ರಾತ್ರಿ ವಿಡಿಯೋ ನೋಡುವಾಗ ಇಳಿಸಿಟ್ಟದ್ದು ಬೆಳಿಗ್ಗೆ ಕಾರಿನಲ್ಲಿ ಕಾಣಿಸಿಕೊಳ್ಳುತ್ತದೆ. ರೇಡಿಯೋ ಚೆನ್ನಾಗಿ ಕೇಳಿ ಫೋನಿನ ಹಾಡು ಮಾತ್ರ ಕುಗ್ಗಿದ್ದರೆ ಸ್ಪೀಕರಿನ ಕಡೆ ನೋಡುವ ಅಗತ್ಯವೇ ಇಲ್ಲ.

ಬಾಗಿಲಿನ ಸ್ಪೀಕರಿಗೂ ತಗಡಿಗೂ ನಡುವೆ ಸಂದಿ ಬಿಟ್ಟು ಕೂರಿಸಿದ್ದರೂ ಡಗ್ಗಾ ಹೋಗುತ್ತದೆ. ಕೋನ್ ಮುಂದಕ್ಕೆ ತಳ್ಳಿದ ಗಾಳಿ ಸಂದಿಯಲ್ಲಿ ನುಸುಳಿ ಹಿಂಭಾಗಕ್ಕೇ ಹೋಗಿಬಿಡುತ್ತದೆ. ಒಂದೇ ಸ್ಪೀಕರ್ ತನ್ನೊಂದಿಗೆ ತಾನೇ ಜಗಳವಾಡಿದ ಹಾಗೆ. ಸುತ್ತ ಫೋಮಿನ ಪಟ್ಟಿ ಅಂಟಿಸಿ ಬಿಗಿದರೆ ಸರಿಹೋಗುತ್ತದೆ. ದುಬಾರಿ ಸ್ಪೀಕರ್ ಹಾಕಿಸಿ ಇದೊಂದನ್ನು ಬಿಟ್ಟರೆ ದಂಡ. ಮಲೆನಾಡು, ಕರಾವಳಿಯ ಕಡೆ ಮಳೆಗಾಲದಲ್ಲಿ ಬಾಗಿಲೊಳಗೆ ನೀರಿಳಿದು ಕ್ಲಿಪ್ಪುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ, ಕಾಗದದ ಕೋನ್ ನೆನೆದು ಸಡಿಲಾಗುತ್ತದೆ. ಕಿಲುಬನ್ನು ಉಜ್ಜಿ ತೆಗೆಯಬಹುದು. ಕೋನ್ ಗರಗರ ಅನ್ನುತ್ತಿದ್ದರೆ ಮಾತ್ರ ಅದರ ಆಯುಸ್ಸು ಮುಗಿಯಿತು.

ಮನೆಯ ಹಳೇ ಮ್ಯೂಸಿಕ್ ಸಿಸ್ಟಮ್ಮಿನ ಸ್ಪೀಕರನ್ನು ಕಾರಿಗೆ ಹಾಕಿಸುವ ಉಳಿತಾಯವೂ ಕೆಲವರದು. ಕಾರಿನ ಸ್ಪೀಕರ್ ಸಾಮಾನ್ಯವಾಗಿ 4 ಓಮ್, ಮನೆಯದು ಹಲವು ಸಲ 8 ಓಮ್. ಅದೇ ಸ್ಟಿರಿಯೋದಿಂದ 8 ಓಮಿನ ಸ್ಪೀಕರಿಗೆ ಹೋಗುವ ಶಕ್ತಿ ಸುಮಾರು ಅರ್ಧ ಮಾತ್ರ. ಇನ್ನು ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ 50 ವ್ಯಾಟ್ ಎಂದು ಬರೆದಿರುತ್ತದಲ್ಲ, ಅದನ್ನು ನಂಬಿ ಹಣ ಸುರಿಯಬೇಡಿ. ಆಂಪ್ಲಿಫೈಯರಿಲ್ಲದ ಸಾಮಾನ್ಯ ಸ್ಟಿರಿಯೋ ಸತತವಾಗಿ ಕೊಡುವುದು ಒಂದು ಸ್ಪೀಕರಿಗೆ 14ರಿಂದ 22 ವ್ಯಾಟ್. ಸೀರೆ ಅಂಗಡಿಯ ರಿಯಾಯಿತಿ ಫಲಕ ಓದುವ ಕಣ್ಣಿನಿಂದಲೇ ಇದನ್ನೂ ಓದಬೇಕು.

ಅಂಗಡಿಗೆ ಹೋದಾಗ

"ಮೇಡಂ, ಇದೆಲ್ಲ ನಿಮಗೆ ಗೊತ್ತಾಗಲ್ಲ" ಅನ್ನುವವರು ಸಿಗುತ್ತಾರೆ. ಕೋಪ ಬೇಡ. "ಸ್ಪೀಕರ್ ಬದಲಾಯಿಸೋದು ಆಮೇಲೆ ನೋಡೋಣಪ್ಪ, ಮೊದಲು ಹಿಂದಿನ ಜೋಡಿಯ ಪ್ಲಸ್ ಮೈನಸ್ ನೋಡು. ಬ್ಯಾಲೆನ್ಸ್ ಎಡಕ್ಕೆ ಹಾಕಿದರೆ ಡಗ್ಗಾ ಬರುತ್ತೆ, ನಡುವೆ ಹಾಕಿದರೆ ಹೋಗುತ್ತೆ" ಅನ್ನಿ. ಕೆಲಸ ತಿಳಿದವನಾದರೆ ಇಷ್ಟಕ್ಕೇ ಅರ್ಥ ಮಾಡಿಕೊಂಡು ಸೀದಾ ತಂತಿಗೆ ಕೈಹಾಕುತ್ತಾನೆ.

ಹೊಸ ಸ್ಟಿರಿಯೋ ಹಾಕಿಸುವಾಗ ಗಾಡಿಯ ತಂತಿ ಕತ್ತರಿಸಲು ಬಿಡಬೇಡಿ. ನಿಮ್ಮ ಗಾಡಿಗೆ ಹೊಂದುವ ಕಪ್ಲರ್ ಕೇಳಿ. ಹೊರಗಿನಿಂದ ಕೊಳ್ಳುವ ಸ್ಟಿರಿಯೋಗಳ ತಂತಿಗೆ ಸಾಮಾನ್ಯವಾಗಿ ಒಂದು ಬಣ್ಣದ ಕ್ರಮವಿದೆ: ಮುಂದಿನ ಎಡಕ್ಕೆ ಬಿಳಿ, ಮುಂದಿನ ಬಲಕ್ಕೆ ಬೂದು, ಹಿಂದಿನ ಎಡಕ್ಕೆ ಹಸಿರು, ಹಿಂದಿನ ಬಲಕ್ಕೆ ನೇರಳೆ. ಬರೀ ಬಣ್ಣದ್ದು ಪ್ಲಸ್, ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಮೈನಸ್. ಕಾರಿನ ಕಂಪನಿಯ ತಂತಿಗಳಿಗೆ ಈ ಬಣ್ಣ ಅನ್ವಯಿಸುವುದಿಲ್ಲ, ಅಲ್ಲಿಯೇ ಗೊಂದಲ ಹುಟ್ಟುವುದು. ಸ್ಪೀಕರಿನ ಮೈನಸ್ ತಂತಿಯನ್ನು ಕೆಲವರು ಗಾಡಿಯ ತಗಡಿಗೆ ಬಿಗಿದು ಕೆಲಸ ಮುಗಿಸುತ್ತಾರೆ. ಹಳೇ ಕಾಲದ ಕೆಲವು ಸೆಟ್ಟುಗಳಲ್ಲಿ ಅದು ನಡೆಯುತ್ತಿತ್ತು. ಈಗಿನವುಗಳಲ್ಲಿ ಹಾಗೆ ಮಾಡಿದರೆ ಸೆಟ್ ತಾನಾಗಿ ಆರಿಹೋಗುತ್ತದೆ, ಒಳಗಿನ ಆಂಪ್ಲಿಫೈಯರ್ ಚಿಪ್ ಸುಡಲೂಬಹುದು. ಕೆಲಸ ಮುಗಿದ ಮೇಲೆ ಹಣ ಕೊಡುವ ಮುನ್ನ ಅಲ್ಲಿಯೇ ಕುಳಿತು ಬ್ಯಾಲೆನ್ಸನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ ಕೇಳಿ. ನಡುವೆ ಇಟ್ಟಾಗಲೇ ಡಗ್ಗಾ ಗಟ್ಟಿಯಾಗಿರಬೇಕು, ಹಾಡುವವರು ಗಾಜಿನ ಮುಂದೆ ನಟ್ಟನಡುವೆ ಕೂತು ಹಾಡಿದಂತೆ ಕೇಳಬೇಕು.