ಹಲ್ಲು, ಕಡಲೆ ಮತ್ತು ಡಾಲರು



ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಗಾದೆ ಕಟ್ಟಿದವರು ಅಮೆರಿಕದ ಡೆಂಟಲ್ ಇನ್ಶೂರೆನ್ಸ್ ನೋಡಿರಲಿಲ್ಲ. ನೋಡಿದ್ದರೆ, ಹಲ್ಲು ಕೆಟ್ಟಾಗ ಇನ್ಶೂರೆನ್ಸೂ ಇಲ್ಲ ಎಂದು ಇನ್ನೊಂದು ಸಾಲು ಸೇರಿಸುತ್ತಿದ್ದರೋ ಏನೋ! ನಾನು ಡೆಂಟಿಸ್ಟ್ ಅಲ್ಲ. ಮಿಷಿಗನ್ನಿನಲ್ಲಿ ಇಪ್ಪತ್ತು ವರ್ಷಗಳಿಂದ ಒಂದು ಮನೆಯ ನಾಲ್ಕು ಬಾಯಿಗಳ ಬಿಲ್ಲು ಕಟ್ಟುತ್ತಾ, ಇನ್ಶೂರೆನ್ಸಿನವರು ಕಳಿಸುವ ಸಣ್ಣಕ್ಷರದ ಕಾಗದಗಳನ್ನು ಕನ್ನಡಕ ಏರಿಸಿಕೊಂಡು ಓದುವ ಸಂಸಾರಿ ಅಷ್ಟೆ. "ಕಂಪನಿಯ ಡೆಂಟಲ್ ಪ್ಲಾನ್ ಇದೆಯಲ್ಲ, ಚಿಂತೆಯೇನು?" ಎನ್ನುವವರು ನಮ್ಮಲ್ಲಿ ಬಹಳ ಮಂದಿ ಇರುವುದರಿಂದ ಈ ಲೇಖನ.

ಮೊದಲು ಒಂದು ವ್ಯತ್ಯಾಸ ತಿಳಿದಿರಬೇಕು. ಇಲ್ಲಿನ ಆರೋಗ್ಯ ವಿಮೆಯಲ್ಲಿ ಮಿತಿ ಇರುವುದು ನಮ್ಮ ಖರ್ಚಿಗೆ. ವರ್ಷದಲ್ಲಿ ನಾವು ಇಂತಿಷ್ಟು ಕೊಟ್ಟ ಮೇಲೆ ಉಳಿದದ್ದು ಅವರ ತಲೆಯ ಮೇಲೆ. ಡೆಂಟಲ್ ಪ್ಲಾನಿನಲ್ಲಿ ಇದು ತಲೆಕೆಳಗು, ಮಿತಿ ಇರುವುದು ಅವರ ಖರ್ಚಿಗೆ! ವರ್ಷಕ್ಕೆ 1,000ದಿಂದ 2,000 ಡಾಲರ್ ಕೊಟ್ಟು ಅವರು ಕೈ ತೊಳೆದುಕೊಳ್ಳುತ್ತಾರೆ. ಈ ಮೊತ್ತ 1970ರ ದಶಕದಿಂದ ಹೆಚ್ಚು ಕದಲಿಲ್ಲ, ಆದರೆ ಡೆಂಟಿಸ್ಟರ ಬಿಲ್ಲು ಮಾತ್ರ ಎಲ್ಲಿಂದೆಲ್ಲಿಗೋ ಹೋಗಿದೆ. 2014ರಿಂದ ಆರೋಗ್ಯ ವಿಮೆಯಲ್ಲಿ ಅಗತ್ಯ ಚಿಕಿತ್ಸೆಗಳಿಗೆ ಇಂಥ ವಾರ್ಷಿಕ ಮಿತಿ ಹಾಕುವಂತಿಲ್ಲ. ಮಕ್ಕಳ ಹಲ್ಲು ಆ ಅಗತ್ಯಗಳ ಪಟ್ಟಿಯಲ್ಲಿದೆ, ದೊಡ್ಡವರದು ಇಲ್ಲ. ಹಲ್ಲು ದೇಹದ ಭಾಗವಲ್ಲವೇ ಎಂದು ಕೇಳಬೇಡಿ. 1840ರಲ್ಲಿ ಬಾಲ್ಟಿಮೋರಿನಲ್ಲಿ ಜಗತ್ತಿನ ಮೊದಲ ದಂತವೈದ್ಯಕೀಯ ಕಾಲೇಜು ಪ್ರತ್ಯೇಕವಾಗಿ ಶುರುವಾದಾಗಿನಿಂದ ಇಲ್ಲಿ ಬಾಯಿಯದೇ ಒಂದು ಮನೆ, ದೇಹದ್ದೇ ಇನ್ನೊಂದು ಮನೆ.

ಪ್ಲಾನುಗಳ ಸಾಮಾನ್ಯ ಸೂತ್ರ 100-80-50. ತಪಾಸಣೆ, ಕ್ಲೀನಿಂಗ್, ಎಕ್ಸ್-ರೇಗೆ ನೂರು ಭಾಗ, ಫಿಲ್ಲಿಂಗಿನಂಥದ್ದಕ್ಕೆ ಎಂಬತ್ತು, ಕ್ರೌನ್ (ನಮ್ಮೂರಲ್ಲಿ ಕ್ಯಾಪ್), ಬ್ರಿಜ್, ಕಟ್ಟಿಸಿದ ಹಲ್ಲುಗಳಿಗೆ ಐವತ್ತು. ರೂಟ್ ಕೆನಾಲ್ ಕೆಲವರಲ್ಲಿ ಎಂಬತ್ತು, ಕೆಲವರಲ್ಲಿ ಐವತ್ತು. ಒಂದು ಲೆಕ್ಕ ಹಾಕೋಣ. ದವಡೆ ಹಲ್ಲಿನ ರೂಟ್ ಕೆನಾಲ್‌ಗೆ 1,400, ಕ್ಯಾಪಿಗೆ 1,500, ಒಟ್ಟು 2,900 ಡಾಲರ್ ಎಂದಿಟ್ಟುಕೊಳ್ಳಿ. ಸೂತ್ರದ ಪ್ರಕಾರ ಪ್ಲಾನಿನಿಂದ 1,120 ಮತ್ತು 750, ಅಂದರೆ 1,870 ಬರಬೇಕು. ಆದರೆ ವರ್ಷದ ಮಿತಿ 1,500, ಅದರಲ್ಲಿ ಎರಡು ಕ್ಲೀನಿಂಗ್ ಆಗಲೇ 300 ತಿಂದಿವೆ. ಕೈಗೆ ಬರುವುದು 1,200, ನಾವು ಕಟ್ಟುವುದು 1,700! ಅದೇ ರೂಟ್ ಕೆನಾಲ್ ಡಿಸೆಂಬರಿನಲ್ಲಿ ಆಗಿ ಕ್ಯಾಪ್ ಜನವರಿಯಲ್ಲಿ ಬಿದ್ದರೆ ಮಿತಿ ಹೊಸದಾಗುತ್ತದೆ, ಪೂರ್ತಿ 1,870 ಸಿಗುತ್ತದೆ, ನಮ್ಮ ಪಾಲು 1,030ಕ್ಕೆ ಇಳಿಯುತ್ತದೆ. (ಡಿಡಕ್ಟಿಬಲ್ ಎಂಬ ಚಿಲ್ಲರೆಯನ್ನು ಇಲ್ಲಿ ಬಿಟ್ಟಿದ್ದೇನೆ.) ಆದರೆ ದುಡ್ಡು ಉಳಿಸುವ ಆಸೆಗೆ ಕ್ಯಾಪನ್ನು ತಿಂಗಳುಗಟ್ಟಲೆ ಮುಂದೂಡಬೇಡಿ. ರೂಟ್ ಕೆನಾಲ್ ಆದ ದವಡೆ ಹಲ್ಲು ಕ್ಯಾಪಿಲ್ಲದೆ ಸೀಳಬಹುದು. ಕೆಲವು ವಾರ ಕಾಯಬಹುದೇ ಎಂಬುದನ್ನು ಡೆಂಟಿಸ್ಟರನ್ನೇ ಕೇಳಿ.

ಹಲ್ಲಿನ ಬಿಲ್ಲು ಒಂದೇ ಸಲಕ್ಕೆ ಮುಗಿಯುವುದಿಲ್ಲ ಎಂಬುದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿ. ಇಪ್ಪತ್ತೈದರಲ್ಲಿ ಮಾಡಿಸಿದ ಸಣ್ಣ ಫಿಲ್ಲಿಂಗ್ ನಲವತ್ತಕ್ಕೆ ದೊಡ್ಡದಾಗುತ್ತದೆ, ಐವತ್ತಕ್ಕೆ ರೂಟ್ ಕೆನಾಲ್ ಮತ್ತು ಕ್ಯಾಪು, ಕೊನೆಗೆ ಹಲ್ಲೇ ಹೋಗಿ ಇಂಪ್ಲಾಂಟ್. ಎಲ್ಲ ಹಲ್ಲಿಗೂ ಇದೇ ಗತಿ ಎಂದಲ್ಲ, ಆದರೆ ದಾರಿ ಇದೇ. ದುಬಾರಿ ನಿಲ್ದಾಣಗಳು ಬರುವ ಹೊತ್ತಿಗೆ ನಾವು ನಿವೃತ್ತರು. 1965ರ ಮೆಡಿಕೇರ್ ಕಾನೂನು ಸಾಮಾನ್ಯ ಹಲ್ಲಿನ ಚಿಕಿತ್ಸೆಯನ್ನು ಹೊರಗಿಟ್ಟಿತು. 2023ರಿಂದ ಅಂಗ ಕಸಿ, ಹೃದಯದ ಕವಾಟದ ಶಸ್ತ್ರಚಿಕಿತ್ಸೆಗಳಿಗೆ ಮುನ್ನ ಬೇಕಾಗುವ ಹಲ್ಲಿನ ಕೆಲಸಕ್ಕೆ ಬಾಗಿಲು ಸ್ವಲ್ಪ ತೆರೆದಿದ್ದರೂ ಮಾಮೂಲಿ ಕ್ಯಾಪು, ಸೆಟ್ಟುಗಳಿಗೆ ನಮ್ಮ ಜೇಬೇ ಗತಿ. ಹಾಗಾಗಿ 401(ಕೆ) ಲೆಕ್ಕ ಹಾಕುವಾಗ ಹಲ್ಲಿಗೂ ಒಂದು ಗಂಟು ಕಟ್ಟಿಡಿ. ಎಚ್ಎಸ್ಎ ಖಾತೆಯಿದ್ದರೆ ಅದಕ್ಕೆ ಸರಿಯಾದ ಜಾಗ. ಅದರ ಹಣ ವರ್ಷ ಮುಗಿದರೂ ಉಳಿಯುತ್ತದೆ, ತೆರಿಗೆಯೂ ಇಲ್ಲ.

ಇನ್ನು ದಾರಿಯನ್ನೇ ನಿಧಾನ ಮಾಡುವ ಬಗೆ. ಬ್ರಷ್, ಫ್ಲಾಸ್ ಬಗ್ಗೆ ಎಲ್ಲರಿಗೂ ಗೊತ್ತು. ಸಕ್ಕರೆ ಎಷ್ಟು ತಿಂದೆವು ಎನ್ನುವುದಕ್ಕಿಂತ ಎಷ್ಟು ಸಲ ತಿಂದೆವು ಎನ್ನುವುದೇ ಹಲ್ಲಿಗೆ ಮುಖ್ಯ ಎಂಬುದು ಮಾತ್ರ ಅಷ್ಟಾಗಿ ಗೊತ್ತಿಲ್ಲ. ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ, ಅದು ತಣಿಯಲು ಎಂಜಲಿಗೆ ಸುಮಾರು ಅರ್ಧ ಗಂಟೆ ಬೇಕು. ಎರಡು ಹೋಳಿಗೆ ಊಟದ ಜೊತೆ ತಿಂದವರಿಗಿಂತ, ಸಕ್ಕರೆ ಹಾಕಿದ ಕಾಫಿಯನ್ನು ಕಂಪ್ಯೂಟರ್ ಮುಂದೆ ಎರಡು ಗಂಟೆ ಗುಟುಕರಿಸುವವರ ಹಲ್ಲಿಗೇ ಹೆಚ್ಚು ಅಪಾಯ. ಕಾಫಿ ಬಿಡಿ ಎಂದು ಕನ್ನಡಿಗರಿಗೆ ಹೇಳುವ ಧೈರ್ಯ ನನಗಿಲ್ಲ, ಒಂದೇ ಸಲಕ್ಕೆ ಕುಡಿದು ಲೋಟ ತೊಳೆದಿಡಿ ಎನ್ನಬಲ್ಲೆ.

ನೀರಿನ ವಿಷಯದಲ್ಲಿ ನಮ್ಮ ರಾಜ್ಯಕ್ಕೊಂದು ಹೆಮ್ಮೆ. 1945ರಲ್ಲಿ ಊರಿನ ನೀರಿಗೆ ಫ್ಲೋರೈಡ್ ಸೇರಿಸಿದ ಜಗತ್ತಿನ ಮೊದಲ ನಗರ ಮಿಷಿಗನ್ನಿನ ಗ್ರ್ಯಾಂಡ್ ರ್ಯಾಪಿಡ್ಸ್. "ಫ್ಲೋರೈಡಾ? ಪಾವಗಡದಲ್ಲಿ ಅದರಿಂದಲೇ ಹಲ್ಲು ಕಂದಾಗುವುದು" ಎಂದು ಊರಿನಿಂದ ಬಂದ ಹಿರಿಯರು ಹುಬ್ಬೇರಿಸುತ್ತಾರೆ. ಎರಡೂ ನಿಜ! ಅಲ್ಲಿ ಕೊಳವೆ ಬಾವಿಯ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿ ಮೀರಿರುವುದರಿಂದ ತೊಂದರೆ, ಇಲ್ಲಿ ಶಿಫಾರಸು 0.7 ಮಾತ್ರ. 2025ರಲ್ಲಿ ಯೂಟಾ ಮತ್ತು ಫ್ಲೋರಿಡಾ ಇದನ್ನು ನಿಲ್ಲಿಸಿದವು. ಅಲ್ಲಿ ನೆಂಟರಿದ್ದರೆ ಫ್ಲೋರೈಡ್ ಪೇಸ್ಟ್ ಮರೆಯದಂತೆ ಹೇಳಿ. ನಮ್ಮವರು ಬೆಂಗಳೂರಿನ ಅಭ್ಯಾಸದಂತೆ ಅಡುಗೆಮನೆಗೆ ಹಾಕಿಸುವ ಆರ್.ಓ. ಫಿಲ್ಟರ್ ಕೂಡ ಬಹುಪಾಲು ಫ್ಲೋರೈಡನ್ನು ತೆಗೆದುಬಿಡುತ್ತದೆ.

ಅಪ್ಪ-ಅಮ್ಮ, ಅತ್ತೆ-ಮಾವ ಬರುವವರಿದ್ದರೆ ವಿಮಾನ ಹತ್ತುವ ಎರಡು ತಿಂಗಳ ಮುಂಚೆ ಊರಲ್ಲೇ ಹಲ್ಲು ತೋರಿಸಿಕೊಂಡು ಬರಲಿ. ವಿಸಿಟರ್ ಇನ್ಶೂರೆನ್ಸ್ ಸಾಮಾನ್ಯವಾಗಿ ತೀವ್ರ ನೋವು, ಅಪಘಾತಗಳಿಗೆ ಅಲ್ಪ ಸ್ವಲ್ಪ ಕೊಡುತ್ತದೆ, ಹಳೆಯ ಹುಳುಕಿಗಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ವಸಡಿನ ರೋಗ ಬೇಗ, ವಸಡು ಕೆಟ್ಟರೆ ಸಕ್ಕರೆ ಹತೋಟಿಯೂ ಕಷ್ಟ. ಬಿ.ಪಿ. ಮಾತ್ರೆಗಳಲ್ಲಿ ಕೆಲವು ಬಾಯಿ ಒಣಗಿಸುತ್ತವೆ, ಆಗ ಹುಳುಕು ಬೇಗ ಹತ್ತುತ್ತದೆ.

ನಾವೇ ರಜೆಗೆ ಹೋದಾಗ ಅಲ್ಲಿ ಮಾಡಿಸಿಕೊಳ್ಳುವುದು ಒಳ್ಳೆಯದೇ, ಖರ್ಚು ಇಲ್ಲಿಯದರ ಒಂದು ಪಾಲು. ಆದರೆ ಡೆಂಟಿಸ್ಟರನ್ನು ಮೊದಲ ವಾರವೇ ಕಾಣಿ, ಮದುವೆ-ಮುಂಜಿ ಮುಗಿಸಿ ಕೊನೆಯ ಮೂರು ದಿನಕ್ಕಲ್ಲ. ಕ್ಯಾಪನ್ನು ಅಳತೆ ಕೊಟ್ಟು ಮಾಡಿಸಿ, ಕಚ್ಚಿ ನೋಡಿ, ತಿದ್ದಿಸಿಕೊಳ್ಳಲು ದಿನ ಬೇಕು. ಇಂಪ್ಲಾಂಟ್ ಆದರೆ ಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು, ಅಂದರೆ ಎರಡು ಪ್ರಯಾಣ. ಎಕ್ಸ್-ರೇ ಪ್ರತಿ, ಇಂಪ್ಲಾಂಟಿನ ತಯಾರಕರ ಹೆಸರು, ಅಳತೆ ಬರೆಸಿ ತನ್ನಿ. ಮುಂದೆ ಸಡಿಲವಾದರೆ ಇಲ್ಲಿನವರು ಮೊದಲು ಕೇಳುವುದು ಅದನ್ನೇ.

ಇಲ್ಲಿಯೇ ಕಡಿಮೆಗೆ ಬೇಕೆಂದರೆ ಆನ್ ಆರ್ಬರಿನ ಮಿಷಿಗನ್ ವಿಶ್ವವಿದ್ಯಾಲಯದ ದಂತವೈದ್ಯ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ, ಶುಲ್ಕ ಹೊರಗಿನದಕ್ಕಿಂತ ಕಡಿಮೆ. ಸಮಯ ಮಾತ್ರ ಧಾರಾಳವಾಗಿ ಬೇಕು, ಅರ್ಧ ದಿನ ರಜೆ ಹಾಕಿಯೇ ಹೋಗಿ. ಎಲ್ಲೇ ಆಗಲಿ, ದೊಡ್ಡ ಕೆಲಸಕ್ಕೆ ಒಪ್ಪುವ ಮುಂಚೆ ಪ್ರೀ-ಎಸ್ಟಿಮೇಟ್ ಕೇಳಿ. ಡೆಂಟಿಸ್ಟರ ಆಫೀಸಿನವರು ಕೋಡ್ ಬರೆದು (ದವಡೆಯ ರೂಟ್ ಕೆನಾಲ್‌ಗೆ ಡಿ3330, ಪಿಂಗಾಣಿ ಕ್ಯಾಪಿಗೆ ಡಿ2740) ಇನ್ಶೂರೆನ್ಸಿಗೆ ಕಳಿಸಿದರೆ, ಅವರೆಷ್ಟು ನಾವೆಷ್ಟು ಎಂಬ ಅಂದಾಜು ಕೆಲವು ವಾರಗಳಲ್ಲಿ ಕಾಗದದಲ್ಲಿ ಬರುತ್ತದೆ.