ಹೆಲ್ಪರ್ ಆಗಿ ಹೋದವನು ಹೆಲ್ಪರ್ ಆಗಿಯೇ ಉಳಿಯಬೇಕೆ? ಇಲೆಕ್ಟ್ರಿಷಿಯನ್ ತರಬೇತಿಯಲ್ಲಿ ಕಲಿಸುವುದೇನು?

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಹುಡುಗರು ಎಸೆಸೆಲ್ಸಿ ಅಥವಾ ಪ್ಲಸ್ ಟು ಮುಗಿಸಿ ವಯರಿಂಗ್ ಕೆಲಸಕ್ಕೆ ಸೇರುವುದು ಹೊಸತೇನಲ್ಲ. ಪರಿಚಯದ ಒಬ್ಬರ ಜೊತೆ ಹೋಗಿ ಗೋಡೆ ಕೊರೆಯುವುದು, ಪೈಪ್ ಹಾಕುವುದು, ವಯರ್ ಎಳೆಯುವುದು ಕಲಿಯುತ್ತಾರೆ. ಎರಡು ಮೂರು ವರ್ಷಗಳಲ್ಲಿ ಕೈ ಪಳಗುತ್ತದೆ. ಆಮೇಲೆ ಪಾಸ್‌ಪೋರ್ಟ್, ವೀಸಾ, ಗಲ್ಫ್. ಅಲ್ಲಿಗೆ ಹೋದ ಮೇಲೆ ಸಮಸ್ಯೆ ಎದುರಾಗುತ್ತದೆ. ಕೆಲಸ ಎಷ್ಟೇ ಗೊತ್ತಿದ್ದರೂ ಕೈಯಲ್ಲಿ ಸರ್ಟಿಫಿಕೇಟ್ ಇಲ್ಲದಿದ್ದರೆ ಹೆಲ್ಪರ್ ಸಂಬಳದಿಂದ ಮೇಲೇರುವುದು ಕಷ್ಟ.

ಆದರೆ ಇದು ಬರೀ ಕಾಗದದ ವಿಷಯವಲ್ಲ. ನೋಡಿ ಕಲಿತವನಿಗೆ ಹೇಗೆ ಮಾಡಬೇಕೆಂದು ಗೊತ್ತಿರುತ್ತದೆ, ಯಾಕೆ ಹಾಗೆ ಎಂಬುದು ಹಲವು ಬಾರಿ ಗೊತ್ತಿರುವುದಿಲ್ಲ. ಕರೆಂಟಿನ ಕೆಲಸದಲ್ಲಿ ಆ ‘ಯಾಕೆ’ ಗೊತ್ತಿಲ್ಲದಿದ್ದರೆ ಜೀವಕ್ಕೇ ಅಪಾಯ.

ಎಂಸಿಬಿ ಇದ್ದರೂ ಶಾಕ್ ಹೊಡೆಯುವುದು ಯಾಕೆ?

‘ಎಂಸಿಬಿ ಹಾಕಿದ್ದೇವೆ, ಇನ್ನು ಹೆದರಬೇಡಿ’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಇದು ತಪ್ಪು. ಎಂಸಿಬಿ ಇರುವುದು ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟ್‌ನಿಂದ ವಯರನ್ನು ಕಾಪಾಡಲು. 16 ಆಂಪಿಯರ್ ಎಂದರೆ 16,000 ಮಿಲಿ ಆಂಪಿಯರ್. ಮನುಷ್ಯನ ಜೀವ ತೆಗೆಯಲು ಅದರ ಸಣ್ಣದೊಂದು ಪಾಲು ಸಾಕು. ಅಷ್ಟಕ್ಕೆ ಎಂಸಿಬಿ ಅಲುಗಾಡುವುದೂ ಇಲ್ಲ.

ಅರ್ತ್ ಇದ್ದರೆ ಸಾಕಲ್ಲವೇ ಎಂದು ಕೇಳಬಹುದು. ಒಂದು ಸಣ್ಣ ಲೆಕ್ಕ ನೋಡಿ. ಗ್ರೈಂಡರ್‌ನ ಬಾಡಿಗೆ ಫೇಸ್ ತಾಗಿದೆ, ಮನೆಯ ಅರ್ತಿನ ರೆಸಿಸ್ಟೆನ್ಸ್ 10 ಓಮ್ ಇದೆ ಎಂದುಕೊಳ್ಳೋಣ. 230 ವೋಲ್ಟನ್ನು 10ರಿಂದ ಭಾಗಿಸಿದರೆ 23 ಆಂಪಿಯರ್. 16 ಆಂಪಿಯರ್ ಎಂಸಿಬಿ ಇದಕ್ಕೆ ಕೂಡಲೇ ಟ್ರಿಪ್ ಆಗುವುದಿಲ್ಲ, ಬಹಳ ಹೊತ್ತು ಹಿಡಿಯಬಹುದು. ಅಷ್ಟೂ ಹೊತ್ತು ಗ್ರೈಂಡರ್‌ನ ಬಾಡಿಯಲ್ಲಿ ಕರೆಂಟ್ ಇರುತ್ತದೆ.

ಇಲ್ಲಿ ಬೇಕಾಗುವುದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿದೆಯೇ ಎಂದು ಅದು ಹೋಲಿಸುತ್ತಿರುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ತಲುಪುವಷ್ಟರಲ್ಲಿ ಸಂಪರ್ಕ ಕಡಿದುಬಿಡುತ್ತದೆ. ಪದೇ ಪದೇ ಟ್ರಿಪ್ ಆಗುತ್ತದೆ ಎಂದು ಅದನ್ನು ಬೈಪಾಸ್ ಮಾಡುವವರಿದ್ದಾರೆ. ತರಬೇತಿ ಪಡೆದವನು ಹಾಗೆ ಮಾಡುವುದಿಲ್ಲ, ಲೀಕೇಜ್ ಎಲ್ಲಿದೆ ಎಂದು ಹುಡುಕುತ್ತಾನೆ.

ಕ್ಲಾಸ್ ಮತ್ತು ವರ್ಕ್‌ಶಾಪ್

ಐಟಿಐಯ ಇಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷದ ಕೋರ್ಸ್. ಗಣಿತ, ವಿಜ್ಞಾನ ಇರುವ ಹತ್ತನೇ ತರಗತಿ ಪಾಸಾಗಿರಬೇಕು. ಮೊದಲ ವರ್ಷದ 1,200 ಗಂಟೆಗಳಲ್ಲಿ 840 ಗಂಟೆ ಪ್ರಾಯೋಗಿಕ, 240 ಗಂಟೆ ಥಿಯರಿ. ಉಳಿದದ್ದು ಉದ್ಯೋಗ ಕೌಶಲ. ಅಂದರೆ ಹೆಚ್ಚಿನ ಸಮಯ ಕೈಕೆಲಸಕ್ಕೇ. ಕಾಸರಗೋಡು ವಿದ್ಯಾನಗರದಲ್ಲಿ ಸರಕಾರಿ ಐಟಿಐ ಇದೆ, ಮಂಗಳೂರಿನ ಕದ್ರಿಯಲ್ಲೂ ಇದೆ.

ಮನೆ ವಯರಿಂಗ್ ಇಲ್ಲಿ ಆರಂಭ ಮಾತ್ರ. ಮುಂದೆ ಟ್ರಾನ್ಸ್‌ಫಾರ್ಮರ್, ಮೋಟಾರ್ ವೈಂಡಿಂಗ್, ಕಂಟ್ರೋಲ್ ಪ್ಯಾನೆಲ್, ಇನ್ವರ್ಟರ್, ಸೋಲಾರ್ ಬರುತ್ತವೆ. ತೋಟದ ತ್ರೀ ಫೇಸ್ ಪಂಪಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಜೋಡಿಸುವವರು ನಮ್ಮೂರಲ್ಲಿ ಸಾಕಷ್ಟು ಇದ್ದಾರೆ. ಆದರೆ ಸ್ಟಾರ್‌ನಲ್ಲಿ ಶುರು ಮಾಡಿದಾಗ ಲೈನಿನಿಂದ ಎಳೆಯುವ ಕರೆಂಟ್ ಮೂರನೇ ಒಂದಕ್ಕೆ ಇಳಿಯುತ್ತದೆ, ಮೋಟಾರ್ ತಿರುಗುವ ಬಲವೂ ಅಷ್ಟೇ ಇಳಿಯುತ್ತದೆ ಎಂಬುದು ಗೊತ್ತಿದ್ದವನು ಮಾತ್ರ ಪಂಪ್ ಯಾಕೆ ಏಳುತ್ತಿಲ್ಲ ಎಂದು ಸರಿಯಾಗಿ ಹೇಳಬಲ್ಲ.

ಟೆಸ್ಟಿಂಗ್ ಇನ್ನೊಂದು ಮುಖ್ಯ ಪಾಠ. ವಯರಿಂಗ್ ಮುಗಿದ ಕೂಡಲೇ ಮೈನ್ ಹಾಕಿ ಬಲ್ಬ್ ಉರಿಯಿತೇ ಎಂದು ನೋಡುವುದು ಟೆಸ್ಟಿಂಗ್ ಅಲ್ಲ. ಉಪಕರಣಗಳನ್ನೆಲ್ಲ ಬಿಡಿಸಿ ಮೆಗ್ಗರ್‌ನಿಂದ 500 ವೋಲ್ಟ್ ಡಿಸಿ ಕೊಟ್ಟು ಇನ್ಸುಲೇಷನ್ ಅಳೆಯಬೇಕು, ಕನಿಷ್ಠ 1 ಮೆಗಾ ಓಮ್ ಇರಬೇಕು. ಅರ್ತ್ ಟೆಸ್ಟರ್ ಇಟ್ಟು ಅರ್ತ್ ನೋಡಬೇಕು. ಮಳೆಗಾಲದಲ್ಲಿ ಸರಿ ಇದ್ದ ಅರ್ತ್, ಮುರಕಲ್ಲಿನ ನೆಲ ಒಣಗುವ ಎಪ್ರಿಲ್, ಮೇ ತಿಂಗಳಲ್ಲಿ ಕೆಟ್ಟಿರಬಹುದು.

ಮುಟ್ಟುವ ಮೊದಲು ಪರೀಕ್ಷಿಸುವುದಕ್ಕೂ ಒಂದು ಕ್ರಮ ಇದೆ. ಮೀಟರನ್ನು ಕರೆಂಟ್ ಇರುವ ಕಡೆ ಇಟ್ಟು ಅದು ಸರಿ ಇದೆಯೇ ಎಂದು ನೋಡಬೇಕು, ಆಮೇಲೆ ಕೆಲಸದ ಜಾಗದಲ್ಲಿ, ಕೊನೆಗೆ ಮತ್ತೊಮ್ಮೆ ಕರೆಂಟ್ ಇರುವ ಕಡೆ. ಮೈನ್ ಆಫ್ ಮಾಡಿ ಬೀಗ ಹಾಕಿ, ಕೀಲಿಯನ್ನು ತನ್ನ ಕಿಸೆಯಲ್ಲೇ ಇಟ್ಟುಕೊಳ್ಳಬೇಕು. ‘ಯಾರೂ ಹಾಕುವುದಿಲ್ಲ’ ಎಂಬ ನಂಬಿಕೆಯಲ್ಲಿ ಕೆಲಸ ಮಾಡಬಾರದು.

ಅಪ್ರೆಂಟಿಸ್‌ಶಿಪ್, ಪರ್ಮಿಟ್

ಐಟಿಐ ಮುಗಿದರೆ ಎಲ್ಲ ಮುಗಿಯಿತು ಎಂದಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಂಪೆನಿಗಳಲ್ಲಿ ಸ್ಟೈಪೆಂಡ್ ಸಹಿತ ತರಬೇತಿ ಪಡೆಯಬಹುದು. ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಸಿಗುತ್ತದೆ. ವರ್ಕ್‌ಶಾಪಿನ ಬೋರ್ಡಿನಲ್ಲಿ ಕಲಿತದ್ದನ್ನು ಓಡುತ್ತಿರುವ ಕಾರ್ಖಾನೆಯಲ್ಲಿ, ಅನುಭವಸ್ಥರ ಕಣ್ಣೆದುರು ಮಾಡುವ ಅವಕಾಶ ಇದು.

ಊರಲ್ಲೇ ಕೆಲಸ ಮಾಡುವವರಿಗೆ ಪರ್ಮಿಟ್ ಬೇಕು. ಕೇರಳದಲ್ಲಿ ವಯರ್‌ಮ್ಯಾನ್ ಪರ್ಮಿಟ್ ಕೊಡುವುದು ರಾಜ್ಯ ಇಲೆಕ್ಟ್ರಿಸಿಟಿ ಲೈಸೆನ್ಸಿಂಗ್ ಬೋರ್ಡ್. ತಲಪಾಡಿ ದಾಟಿದರೆ ಕರ್ನಾಟಕದ ವಿದ್ಯುತ್ ಪರಿವೀಕ್ಷಣಾಲಯದ ವ್ಯವಸ್ಥೆ ಬೇರೆಯೇ. ಎರಡೂ ಕಡೆ ಕೆಲಸ ಹಿಡಿಯುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕಡಲಾಚೆ

ವಿದೇಶದಲ್ಲಿ ಬಣ್ಣದಿಂದಲೇ ಎಡವಟ್ಟು ಆಗಬಹುದು. ನಮ್ಮಲ್ಲಿ ಕೆಂಪು, ಹಳದಿ, ನೀಲಿ ಫೇಸ್, ಕಪ್ಪು ನ್ಯೂಟ್ರಲ್. ಬ್ರಿಟನ್, ಯುರೋಪಿನ ಈಗಿನ ಪದ್ಧತಿಯಲ್ಲಿ ಕಂದು, ಕಪ್ಪು, ಬೂದು ಫೇಸ್, ನೀಲಿ ನ್ಯೂಟ್ರಲ್. ಕಪ್ಪು ಕಂಡರೆ ನ್ಯೂಟ್ರಲ್ ಎಂದು ಅಭ್ಯಾಸವಾದ ಕೈ, ಆ ಪದ್ಧತಿಯ ಪ್ಯಾನೆಲ್ ತೆರೆದಾಗ ಫೇಸ್ ಹಿಡಿಯುತ್ತದೆ. ಸೌದಿಯಲ್ಲಿ ಫ್ರೀಕ್ವೆನ್ಸಿ 60 ಹರ್ಟ್ಸ್. ಇಲ್ಲಿ 50 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 1,500 ಸುತ್ತಿನ ಲೆಕ್ಕದ ನಾಲ್ಕು ಪೋಲ್ ಮೋಟಾರಿಗೆ ಅಲ್ಲಿ 1,800 ಸುತ್ತಿನ ಲೆಕ್ಕ.

ಸೌದಿಗೆ ಹೋಗುವವರಿಗೆ ಸ್ಕಿಲ್ ವೆರಿಫಿಕೇಶನ್ ಪ್ರೋಗ್ರಾಂ ಎಂಬ ಪರೀಕ್ಷೆಯೂ ಬಂದಿದೆ. ಇಲೆಕ್ಟ್ರಿಷಿಯನ್ ಅದರಲ್ಲಿ ಸೇರಿದ ವೃತ್ತಿ. ಥಿಯರಿ, ಪ್ರಾಕ್ಟಿಕಲ್ ಎರಡೂ ಇರುತ್ತವೆ. ಅಲ್ಲಿ ಏಜೆಂಟ್ ಬಂದು ಉತ್ತರ ಬರೆಯುವುದಿಲ್ಲ.

ಈಗಾಗಲೇ ಕೆಲಸದಲ್ಲಿರುವವರು

ವರ್ಷಗಳಿಂದ ದುಡಿಯುತ್ತಿರುವವರಿಗೆ ಎರಡು ವರ್ಷ ಕ್ಲಾಸಿನಲ್ಲಿ ಕೂರುವುದು ಆಗದ ಮಾತು. ಮನೆ ನಡೆಯಬೇಕು. ಅಂಥವರ ಕೈಯಲ್ಲಿರುವ ಕೌಶಲವನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ವ್ಯವಸ್ಥೆ ಕೇಂದ್ರ ಸರಕಾರದ ಕೌಶಲ ಯೋಜನೆಯಲ್ಲಿದೆ. ಇದು ಐಟಿಐ ಸರ್ಟಿಫಿಕೇಟಿಗೆ ಸಮವಲ್ಲ, ಆದರೆ ಏನೂ ಇಲ್ಲದಿರುವುದಕ್ಕಿಂತ ಮೇಲು.

ಜಮಾಅತ್‌ಗಳು, ಯುವಕರ ಸಂಘಗಳು ಇಲ್ಲಿ ಕೈಜೋಡಿಸಬಹುದು. ಮೀಲಾದ್ ಬಂದಾಗ ಮಸೀದಿ, ಮದ್ರಸ, ರಸ್ತೆಗೆಲ್ಲ ಸೀರಿಯಲ್ ಲೈಟ್ ಕಟ್ಟುವುದು ಹುಡುಗರೇ. ಟೇಪ್ ಸುತ್ತಿದ ಜಾಯಿಂಟ್, ಕಬ್ಬಿಣದ ಕಂಬ, ನಡುವೆ ಮಳೆ. ಆ ಕೆಲಸದ ಮೊದಲು ಪರ್ಮಿಟ್ ಇರುವ ಒಬ್ಬರನ್ನು ಕರೆಸಿ ಅರ್ಧ ದಿನ ಪಾಠ ಹೇಳಿಸಿ, ಲೈನಿಗೊಂದು ಆರ್‌ಸಿಸಿಬಿ ಹಾಕಿಸಿದರೆ ದೊಡ್ಡ ಖರ್ಚೇನೂ ಇಲ್ಲ. ಆ ಪಾಠ ಕೇಳಿದ ಹುಡುಗರಲ್ಲಿ ನಾಲ್ವರು ಮುಂದಿನ ವರ್ಷ ಐಟಿಐ ಅರ್ಜಿ ತುಂಬಿದರೆ ಅದು ಇಡೀ ಊರಿಗೆ ಲಾಭ.