ನಂಬರ್ ಪ್ಲೇಟಿನ ಹಿಂದಿನ ಮನೆ

2019ರ ಜುಲೈ 8ರಂದು ರಾಜ್ಯಸಭೆಯಲ್ಲಿ ಒಂದು ಪ್ರಶ್ನೆ ಬಂತು. ಕೇಳಿದವರು ಮಹಾರಾಷ್ಟ್ರದ ಸದಸ್ಯ ಹುಸೇನ್ ದಲವಾಯಿ, ಉತ್ತರಿಸಿದವರು ಸಾರಿಗೆ ಮಂತ್ರಿ ನಿತಿನ್ ಗಡ್ಕರಿ. ದೇಶದ ವಾಹನ ನೋಂದಣಿಯ ಭಂಡಾರ 'ವಾಹನ್', ಚಾಲನಾ ಪರವಾನಗಿಯ ಭಂಡಾರ 'ಸಾರಥಿ'. ಈ ಎರಡನ್ನೂ 87 ಖಾಸಗಿ ಕಂಪನಿಗಳಿಗೆ, 32 ಸರ್ಕಾರಿ ಸಂಸ್ಥೆಗಳಿಗೆ ತೆರೆದಿದ್ದೇವೆ, ಅದರಿಂದ 65 ಕೋಟಿ ರೂಪಾಯಿ ಬಂದಿದೆ ಎಂಬುದು ಉತ್ತರದ ಸಾರ. ಆಗ ಆ ಭಂಡಾರಗಳಲ್ಲಿ ಸುಮಾರು 25 ಕೋಟಿ ಗಾಡಿಗಳ, 15 ಕೋಟಿ ಪರವಾನಗಿಗಳ ವಿವರವಿತ್ತು. ಯಾರೂ ಬೀಗ ಒಡೆದಿರಲಿಲ್ಲ, ಯಾವ ಫೈಲೂ ಕಳುವಾಗಿರಲಿಲ್ಲ. ಇಲಾಖೆ ತಾನೇ ಲೆಕ್ಕ ಬರೆದು ಸದನದ ಮುಂದಿಟ್ಟಿತ್ತು.

ಮುಂಬಯಿ ಹತ್ತಿರದ ಟಿಟ್ವಾಳಾದಂಥ ಊರಿನಲ್ಲಿ ಕೂತವರಿಗೆ ಇದರ ವಾಸನೆ ಮೊದಲೇ ಬಡಿದಿತ್ತು. ಇಲ್ಲಿ ಗಾಡಿ ಕೊಂಡವರು ಕಲ್ಯಾಣದ ಆರ್‌ಟಿಓದಲ್ಲಿ ಎಂಎಚ್ 05 ನಂಬರ್ ಹಾಕಿಸಿ, ಮಹಾಗಣಪತಿ ದೇವಸ್ಥಾನದ ಎದುರು ಚಕ್ರದಡಿ ನಿಂಬೆಹಣ್ಣು ಇಡಿಸಿ, ಮನೆಗೆ ತರುತ್ತಾರೆ. ವರ್ಷ ತುಂಬುವ ಮೊದಲೇ ಫೋನುಗಳು ಶುರು. ನಮ್ಮ ಸೊಸೈಟಿಯಲ್ಲಿ ಉಡುಪಿ ಕಡೆಯ ಒಬ್ಬ ಹಿರಿಯರಿದ್ದಾರೆ, ಹೋಟೆಲು ನಡೆಸಿ ನಿವೃತ್ತರಾದವರು. ಒಂದು ಸಂಜೆ ಅವರು ಫೋನನ್ನು ಸ್ಪೀಕರಿಗೆ ಹಾಕಿ ನನಗೂ ಕೇಳಿಸಿದರು. "ಅಂಕಲ್‌ಜೀ, ಆಪ್‌ಕೀ ಗಾಡೀ ಕಾ ಇನ್ಶೂರೆನ್ಸ್ ಬಾರಾ ತಾರೀಖ್ ಕೋ ಖತಮ್ ಹೋ ರಹಾ ಹೈ," ಎಂದಿತು ಆ ಕಡೆಯ ದನಿ. ಮಾಡೆಲ್ ಹೇಳಿತು, ಹೋದ ವರ್ಷದ ವಿಮಾ ಕಂಪನಿಯ ಹೆಸರು ಹೇಳಿತು. ಕೊನೆಗೆ, ಡೊಂಬಿವಲಿಯಲ್ಲೇ ಅಲ್ಲವೇ ಮನೆ, ಹುಡುಗನನ್ನು ಕಳಿಸಲೇ ಎಂದಿತು.

"ಮಾರಾಯ್ರೆ, ಇವನಿಗೆ ನನ್ನ ಗಾಡಿಯ ಜಾತಕವೇ ಗೊತ್ತುಂಟಲ್ಲ!" ಎಂದರು ಹಿರಿಯರು.

ಆದರೆ ಅವರು ಡೊಂಬಿವಲಿಯ ಚಾಳ ಬಿಟ್ಟು ಟಿಟ್ವಾಳಾದ ಫ್ಲ್ಯಾಟಿಗೆ ಬಂದು ವರ್ಷಗಳಾಗಿದ್ದವು. ಆಧಾರ್, ಬ್ಯಾಂಕು, ಗ್ಯಾಸು ಎಲ್ಲದರಲ್ಲೂ ಟಿಟ್ವಾಳಾ ವಿಳಾಸವೇ. ಹಳೆಯದು ಉಳಿದದ್ದು ಎರಡೇ ಕಡೆ: ಆರ್‌ಸಿಯಲ್ಲಿ, ಮತ್ತು ಆರ್‌ಸಿ ನೋಡಿ ಬರೆದ ವಿಮಾ ಪಾಲಿಸಿಯಲ್ಲಿ. ಮನೆ ಬದಲಾದ 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 49ನೇ ಕಲಮು. ಡೊಂಬಿವಲಿ, ಠಾಣೆಗಳಿಂದ ಅಗ್ಗದ ಮನೆ ಹುಡುಕಿ ಕಸಾರಾ ಲೈನಿಗೆ ಬಂದವರಲ್ಲಿ ಇದನ್ನು ಪಾಲಿಸಿದವರು ನನಗಂತೂ ಹೆಚ್ಚು ಸಿಕ್ಕಿಲ್ಲ. ಆ ತಪ್ಪು ವಿಳಾಸವೇ ಇಲ್ಲಿ ಸುಳಿವಾಯಿತು. ಸೋರಿದ್ದು ಸರ್ಕಾರಿ ದಾಖಲೆಯಿಂದಲೋ ಪಾಲಿಸಿಯ ಕಡತದಿಂದಲೋ, ನಡುವಿನ ಯಾವ ಏಜೆಂಟನಿಂದಲೋ ಎಂಬುದು ಇದರಿಂದ ಸಾಬೀತಾಗದು. ಎಲ್ಲಿಂದ ಸೋರಿದರೂ ಆ ವಿಳಾಸದ ಮೂಲ ಆರ್‌ಸಿಯೇ ಎಂಬುದಂತೂ ನಿಜ.

ವಿಮಾ ಕಂಪನಿಗೆ ಗಾಡಿ ಮಾಲೀಕನ ವಿಳಾಸ ಬೇಕಾಗುವುದೇ ಇಲ್ಲವೇ? ಬೇಕಾಗುತ್ತದೆ. 1988ರ ಅದೇ ಮೋಟಾರು ವಾಹನ ಕಾಯ್ದೆ ಅದಕ್ಕೆ ದಾರಿಯನ್ನೂ ಬಿಟ್ಟಿದೆ. 160ನೇ ಕಲಮಿನ ಪ್ರಕಾರ, ಅಪಘಾತವಾಗಿ ಪರಿಹಾರ ಕೇಳುವ ವ್ಯಕ್ತಿಗೆ, ಇಲ್ಲವೇ ಕ್ಲೇಮ್ ಎದುರಿಸುತ್ತಿರುವ ವಿಮಾ ಕಂಪನಿಗೆ, ಗೊತ್ತುಮಾಡಿದ ಶುಲ್ಕ ಪಡೆದು, ನೋಂದಣಿ ಅಧಿಕಾರಿ ಅಥವಾ ಪೊಲೀಸ್ ಠಾಣೆ ಗಾಡಿಯ ವಿವರವನ್ನೂ ಗಾಡಿ ಬಳಸುತ್ತಿದ್ದವರ ಹೆಸರು, ವಿಳಾಸವನ್ನೂ ಕೊಡಲೇಬೇಕು. ಒಂದು ಅಪಘಾತ, ಒಂದು ಕ್ಲೇಮ್, ಒಂದು ಅರ್ಜಿ. ಕಲ್ಯಾಣ–ಮುರ್ಬಾಡ್ ರಸ್ತೆಯಲ್ಲಿ ಗುದ್ದಿ ಓಡಿಹೋದವನ ಮನೆ ಹುಡುಕಲು ಇಂಥ ಕಿಂಡಿ ಇರದಿದ್ದರೆ ಗಾಯಾಳುವಿನ ಪಾಡೇನು? ಹಾಗಾಗಿ ಈ ಕಿಂಡಿಯ ಬಗ್ಗೆ ನನಗೆ ತಕರಾರಿಲ್ಲ. ಅದರ ಪಕ್ಕದ ಗೋಡೆಯನ್ನೇ ಕೆಡವಿದ್ದು ತಕರಾರು.

ಆ ಕಾಯ್ದೆ ಜಾರಿಗೆ ಬಂದದ್ದು 1989ರ ಜುಲೈ 1ರಂದು. ಅದೇ ತಿಂಗಳ 18ರಂದು ಲಾಸ್ ಏಂಜಲೀಸ್‌ನಲ್ಲಿ 21 ವರ್ಷದ ನಟಿ ರೆಬೆಕಾ ಶೇಫರ್ ತನ್ನ ಮನೆ ಬಾಗಿಲಲ್ಲೇ ಕೊಲೆಯಾದಳು. ಕೊಂದವನು ವರ್ಷಗಳಿಂದ ಅವಳ ಬೆನ್ನು ಹತ್ತಿದ್ದ ಅಭಿಮಾನಿ. ಅವಳ ಮನೆ ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅರಿಜೋನಾದ ಒಂದು ಖಾಸಗಿ ಪತ್ತೇದಾರಿ ಸಂಸ್ಥೆಗೆ 250 ಡಾಲರ್ ಕೊಟ್ಟ, ಅವರು ಕ್ಯಾಲಿಫೋರ್ನಿಯಾದ ವಾಹನ ಇಲಾಖೆಯಿಂದ ವಿಳಾಸ ತೆಗೆಸಿಕೊಟ್ಟರು. ಆ ಕಾಲಕ್ಕೆ ಅದು ಅಲ್ಲಿ ಕೇಳಿದರೆ ಸಿಗುವ ದಾಖಲೆ.

ಕ್ಯಾಲಿಫೋರ್ನಿಯಾ ಕೂಡಲೇ ಬಾಗಿಲು ಬಿಗಿ ಮಾಡಿತು. 1994ರಲ್ಲಿ ಇಡೀ ಅಮೆರಿಕಕ್ಕೆ ಚಾಲಕರ ಖಾಸಗಿತನ ಕಾಪಾಡುವ ಕಾಯ್ದೆ ಬಂತು. ಒಂದು ರಾಜ್ಯ ಅದನ್ನು ಕೋರ್ಟಿಗೆ ಎಳೆದರೂ 2000ದ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆ ಕಾಯ್ದೆಯಲ್ಲೂ ವಿಮಾ ಕಂಪನಿಗಳಿಗೆ ವಿನಾಯಿತಿ ಉಂಟು. ಕ್ಲೇಮಿನ ತನಿಖೆಗೆ, ಮೋಸ ತಡೆಯಲಿಕ್ಕೆ, ಪ್ರೀಮಿಯಂ ಗೊತ್ತುಮಾಡಲಿಕ್ಕೆ ಅವರು ದಾಖಲೆ ನೋಡಬಹುದು. ಆದರೆ ಯಾರಿಗೆ ಏನು ಮಾರೋಣ ಎಂದು ಪಟ್ಟಿ ಮಾಡಲಿಕ್ಕೆ ಅದನ್ನು ಬಳಸಬೇಕಾದರೆ ಚಾಲಕನ ಸ್ಪಷ್ಟ ಒಪ್ಪಿಗೆ ಬೇಕು ಎಂದು 1999ರ ತಿದ್ದುಪಡಿ ಗೆರೆ ಎಳೆಯಿತು. ನನ್ನ ಮಟ್ಟಿಗೆ ಆ ಗೆರೆ ಸರಿಯಾದ ಜಾಗದಲ್ಲಿದೆ.

1994ರ ಆ ಕಾಯ್ದೆ ಬಂದ ಕೆಲವೇ ವರ್ಷಗಳಲ್ಲಿ, ಹೆಸರು ಅಳಿಸಿದ ದಾಖಲೆಯಿಂದಲೇ ಇನ್ನೊಂದು ಪತ್ತೆ ಆಯಿತು. ಮ್ಯಾಸಚೂಸೆಟ್ಸ್‌ನಲ್ಲಿ ಸರ್ಕಾರಿ ನೌಕರರ ವಿಮೆ ನೋಡಿಕೊಳ್ಳುವ ಸಂಸ್ಥೆ ಸುಮಾರು 1,35,000 ಜನರ ಆಸ್ಪತ್ರೆ ವಿವರವನ್ನು ಸಂಶೋಧಕರಿಗೆ ಕೊಟ್ಟಿತ್ತು. ಹೆಸರು, ವಿಳಾಸ ಅಳಿಸಿದ್ದೇವೆ, ಹೆದರಬೇಡಿ ಎಂಬ ಭರವಸೆಯಿತ್ತು. ಗವರ್ನರ್ ವಿಲಿಯಂ ವೆಲ್ಡ್ ಕೂಡ ಹಾಗೆಯೇ ಧೈರ್ಯ ಹೇಳಿದ್ದರು. ಆಗ ಎಂಐಟಿಯಲ್ಲಿ ಓದುತ್ತಿದ್ದ ಲಟಾನ್ಯಾ ಸ್ವೀನಿ 20 ಡಾಲರಿಗೆ ಕೇಂಬ್ರಿಡ್ಜ್ ಊರಿನ ಮತದಾರರ ಪಟ್ಟಿ ಕೊಂಡು ಎರಡನ್ನೂ ಅಕ್ಕಪಕ್ಕ ಇಟ್ಟಳು. ಗವರ್ನರ್ ಹುಟ್ಟಿದ ದಿನವೇ ಹುಟ್ಟಿದವರು ಪಟ್ಟಿಯಲ್ಲಿ ಆರು ಜನ. ಅವರಲ್ಲಿ ಗಂಡಸರು ಮೂವರು. ಆ ಪಿನ್‌ಕೋಡಿನಲ್ಲಿದ್ದವರು ಒಬ್ಬರೇ. ಗವರ್ನರರ ಕಾಯಿಲೆ ಕಸಾಲೆಯ ವಿವರ ಅವರ ಕಚೇರಿಗೇ ಅಂಚೆಯಲ್ಲಿ ಹೋಯಿತು. ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್ ಇಷ್ಟೇ ಇದ್ದರೆ ಅಮೆರಿಕದ ಶೇ. 87ರಷ್ಟು ಜನರನ್ನು ಗುರುತಿಸಬಹುದು ಎಂದು ಆಕೆ ಮುಂದೆ ಲೆಕ್ಕ ಹಾಕಿ ತೋರಿಸಿದಳು.

ನಮ್ಮ ಸಾರಿಗೆ ಇಲಾಖೆಗೆ ಇದು ತಿಳಿಯದ ಸಂಗತಿಯೇನಲ್ಲ. 2019ರ ಮಾರ್ಚಿನಲ್ಲಿ ಅದು ವಾಹನ ಮಾಹಿತಿಯನ್ನು ಸಗಟಾಗಿ ಕೊಡುವ ನೀತಿ ಹೊರಡಿಸಿತು. ವಾಣಿಜ್ಯ ಸಂಸ್ಥೆಗೆ ವರ್ಷಕ್ಕೆ 3 ಕೋಟಿ ರೂಪಾಯಿ, ಶಿಕ್ಷಣ ಸಂಸ್ಥೆಗೆ 5 ಲಕ್ಷ. ಈ ಮಾಹಿತಿಯನ್ನು ಬೇರೆ ಕಡೆ ಸಿಗುವ ಮಾಹಿತಿಯೊಂದಿಗೆ ತಾಳೆ ಹಾಕಿದರೆ ವ್ಯಕ್ತಿಯನ್ನು ಪತ್ತೆಹಚ್ಚುವ ಸಂಭವವಿದೆ ಎಂದು ಅದೇ ನೀತಿ ಒಪ್ಪಿಕೊಂಡಿತ್ತು. ಒಪ್ಪಿಕೊಂಡೇ ಬೆಲೆ ಕಟ್ಟಿತ್ತು. ಸ್ವೀನಿ ಪಟ್ಟಿ ಕೊಳ್ಳಲು 20 ಡಾಲರ್ ಕೊಟ್ಟಳು. ವಿಮಾ ಕಂಪನಿಗೆ ಆ ಖರ್ಚೂ ಇಲ್ಲ, ಹೆಸರು, ಫೋನು, ವಿಳಾಸವಿರುವ ಗ್ರಾಹಕರ ಪಟ್ಟಿ ಅದರ ಕಪಾಟಿನಲ್ಲೇ ಇರುತ್ತದೆ.

ಇದೆಲ್ಲ ನಡೆದದ್ದು ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ ಮೇಲೆ. 2017ರ ಆಗಸ್ಟ್ 24ರ ಆ ತೀರ್ಪಿನ ಮೇಲಿರುವ ಹೆಸರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು. ಆಧಾರ್ ವಿರುದ್ಧ ಅವರು ಅರ್ಜಿ ಹಾಕಿದ್ದು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. ಅವರು ತೀರಿಕೊಂಡದ್ದು 2024ರ ಅಕ್ಟೋಬರಿನಲ್ಲಿ.

ಸಗಟು ಮಾರಾಟದ ನೀತಿಯನ್ನು 2020ರ ಜೂನ್‌ನಲ್ಲಿ ಇಲಾಖೆಯೇ ರದ್ದು ಮಾಡಿತು. ದುರುಪಯೋಗವಾಗಬಹುದು, ಖಾಸಗಿತನಕ್ಕೆ ಧಕ್ಕೆಯಾಗಬಹುದು ಎಂಬುದು ಕೊಟ್ಟ ಕಾರಣ. ಆದರೆ ಆ ಹೊತ್ತಿಗೆ ಹೋದ ಮಾಹಿತಿಯನ್ನು ಮರಳಿ ತರುವ ಉಪಾಯ ಯಾವ ಆದೇಶದಲ್ಲೂ ಇರಲು ಸಾಧ್ಯವಿಲ್ಲ. 2021ರ ಫೆಬ್ರವರಿಯಲ್ಲಿ ಲೋಕಸಭೆಯಲ್ಲಿ ಇದೇ ವಿಷಯ ಮತ್ತೆ ಬಂದಾಗ ಎರಡೂ ಭಂಡಾರಗಳಿಂದ ಬಂದ ಒಟ್ಟು ಹಣ 111 ಕೋಟಿ ದಾಟಿತ್ತು.

ಈಗ ಸರ್ಕಾರಿ ಆ್ಯಪಿನಲ್ಲಿ ಎದುರಿನ ಗಾಡಿಯ ನಂಬರ್ ಹಾಕಿದರೆ ಮಾಲೀಕರ ಹೆಸರಿನ ನಡುವೆ ನಕ್ಷತ್ರಗಳು ಕಾಣುತ್ತವೆ, ಅಲ್ಲೊಂದು ಇಲ್ಲೊಂದು ಅಕ್ಷರ ಮಾತ್ರ. ಅದು ಒಳ್ಳೆಯದೇ. ಅದೇ ನಂಬರನ್ನು ಪಾಲಿಸಿ ಮಾರುವ ತಾಣದಲ್ಲಿ ಹಾಕಿ ನೋಡಿ, ಗಾಡಿಯ ಮಾಡೆಲ್, ನೋಂದಣಿಯ ದಿನಾಂಕ ತಾವಾಗಿ ತುಂಬಿಕೊಳ್ಳುತ್ತವೆ. ಥರ್ಡ್ ಪಾರ್ಟಿ ವಿಮೆ ಕಾಯ್ದೆಯ ಪ್ರಕಾರ ಕಡ್ಡಾಯ, ಆದ್ದರಿಂದ ಗಾಡಿ ಇಟ್ಟವರೆಲ್ಲರೂ ಒಂದಲ್ಲ ಒಂದು ಕಂಪನಿಯ ಬಾಗಿಲು ತಟ್ಟಲೇಬೇಕು. ಒಲ್ಲೆ ಎನ್ನುವ ಸ್ವಾತಂತ್ರ್ಯ ಇಲ್ಲದ ಗ್ರಾಹಕನ ಮಾಹಿತಿಗೆ ಹೆಚ್ಚು ಕಾವಲು ಬೇಕಿತ್ತು.

ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ 2023ರ ಆಗಸ್ಟಿನಲ್ಲಿ ಬಂತು, ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಸರ್ಕಾರಕ್ಕೆ ಅದರಲ್ಲಿ ವಿನಾಯಿತಿಗಳು ಧಾರಾಳ. ಆದರೂ 11ನೇ ಕಲಮು ಕೆಲಸಕ್ಕೆ ಬರುವಂಥದ್ದು: ನಮ್ಮ ಒಪ್ಪಿಗೆ ಪಡೆದು ಮಾಹಿತಿ ಇಟ್ಟುಕೊಂಡ ಕಂಪನಿಯನ್ನು, ಅದನ್ನು ಇನ್ಯಾರಿಗೆಲ್ಲ ಕೊಟ್ಟಿರಿ ಎಂದು ಕೇಳಬಹುದು, ಅವರು ಹೆಸರು ಹೇಳಬೇಕು. ನಿಯಮ ಹೊರಟು 18 ತಿಂಗಳಾದ ಮೇಲೆ, ಅಂದರೆ 2027ರ ಮೇ ತಿಂಗಳಲ್ಲಿ, ಇದು ಜಾರಿಗೆ ಬರುತ್ತದೆ.